ಬೀಗ ಮತ್ತು ಶ್ರಾವಕನ ಮನಸ್ಸು

ನುಗ್ಗೇಹಳ್ಳಿಯಂಥ ಊರಿನಲ್ಲಿ ಹಗಲು ಹೊತ್ತು ಬಾಗಿಲಿಗೆ ಬೀಗ ಬಿದ್ದಿದ್ದರೆ ಮನೆಮಂದಿ ಪರಸ್ಥಳಕ್ಕೆ ಹೋಗಿದ್ದಾರೆಂದೇ ಒಂದು ಕಾಲದಲ್ಲಿ ಅರ್ಥ. ಮನೆಯಲ್ಲಿ ಜನವಿರುವಾಗ ಅಗುಳಿ, ಚಿಲಕಗಳೇ ಸಾಕಾಗಿದ್ದವು. ಬೀಗದ ಕೈಯನ್ನು ನೆರೆಮನೆಯಲ್ಲಿ ಕೊಟ್ಟು ತೋಟಕ್ಕೆ ಹೋಗುವುದೂ ವಾಡಿಕೆಯಾಗಿತ್ತು. ಇಂದು ಚನ್ನರಾಯಪಟ್ಟಣ ಸೀಮೆಯ ಎಷ್ಟೋ ಮನೆಗಳಲ್ಲಿ ಉಳಿದಿರುವವರು ವೃದ್ಧ ದಂಪತಿಗಳು. ಮಕ್ಕಳು ಬೆಂಗಳೂರಿನಲ್ಲಿ ಅಥವಾ ಅದಕ್ಕಿಂತ ದೂರದಲ್ಲಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕೊಬ್ಬರಿ, ಪೆಟ್ಟಿಗೆಯಲ್ಲಿ ಮನೆತನದ ಒಡವೆ. ಬೆರಳಿಟ್ಟರೆ ತೆರೆಯುವ ಬೀಗ, ಕ್ಯಾಮರಾ, ಅಲಾರಂ ಇವನ್ನೆಲ್ಲ ಹಾಕಿಸಲೇಬೇಕೆಂದು ಮಕ್ಕಳ ಒತ್ತಾಯ. ಯಾವುದು ಗಟ್ಟಿ, ಯಾವುದಕ್ಕೆ ಎಷ್ಟು ಬೆಲೆ ಎಂಬುದನ್ನು ಅಂಗಡಿಯವನು ಹೇಳುತ್ತಾನೆ. ತನ್ನದನ್ನು ಕಾಯುವುದು ಎಲ್ಲಿಯವರೆಗೆ ಕರ್ತವ್ಯ, ಎಲ್ಲಿಂದ ಮುಂದೆ ದೋಷ ಎಂಬುದನ್ನು ಮಾತ್ರ ಅಣುವ್ರತಿಯು ತಾನೇ ನಿರ್ಣಯಿಸಿಕೊಳ್ಳಬೇಕು.

ಅಪರಿಗ್ರಹವನ್ನು ಒಪ್ಪಿದವನಿಗೆ ಬೀಗವೇಕೆ ಎಂದು ಕೆಲವರು ಹಗುರವಾಗಿ ಕೇಳುವುದುಂಟು. ಗೃಹಸ್ಥನ ವ್ರತ ಪರಿಮಿತ ಪರಿಗ್ರಹದ್ದು. ಮಿತಿಯೊಳಗಿನ ಧನದಿಂದಲೇ ಅವನು ದಾನ ಮಾಡಬೇಕು, ಆಶ್ರಿತರನ್ನು ಸಾಕಬೇಕು. ಅದನ್ನು ಕಳ್ಳರಿಗೆ ಬಿಟ್ಟುಕೊಡುವುದು ವ್ರತವೆನಿಸದು. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ ಕಂಡರು. ಒಂಬತ್ತನೆಯ ಅಧ್ಯಾಯದಲ್ಲಿ ರೌದ್ರಧ್ಯಾನದ ಮೂಲಗಳನ್ನು ಎಣಿಸುವಾಗ ಹಿಂಸೆ, ಅಸತ್ಯ, ಕಳವು ಇವುಗಳ ಸಾಲಿನಲ್ಲೇ ವಿಷಯಸಂರಕ್ಷಣವನ್ನೂ ಇರಿಸಿದರು. ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಕದಿಯುವವನ ಚಿಂತೆಯೂ ಕಾಯುವವನ ಚಿಂತೆಯೂ ಒಂದೇ ಪಟ್ಟಿಯಲ್ಲಿವೆ! ಈ ಧ್ಯಾನವು ವ್ರತವಿಲ್ಲದವರಿಗಷ್ಟೇ ಅಲ್ಲದೆ ದೇಶವಿರತನಿಗೂ, ಅಂದರೆ ವ್ರತ ಹಿಡಿದ ಶ್ರಾವಕನಿಗೂ, ಒದಗಬಹುದೆಂದು ಅಲ್ಲಿಯೇ ತಿಳಿಸಲಾಗಿದೆ. ಬಾಗಿಲು ಹಾಕಿದ ಮೇಲೂ ಮನಸ್ಸು ಬಾಗಿಲಲ್ಲೇ ಕುಳಿತಿದ್ದರೆ ಅಪಾಯ ಅಲ್ಲಿದೆ.

ಹೊಸ ಸಾಧನಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಬೇಕು. ಹಳೆಯ ಹಿತ್ತಾಳೆಯ ಬೀಗವನ್ನು ಎರಡು ಬಾರಿ ಜಗ್ಗಿ ನೋಡಿದರೆ ಯಜಮಾನನ ಚಿಂತೆ ಮುಗಿಯುತ್ತಿತ್ತು. ಈಗಿನ ಕ್ಯಾಮರಾ, ಬೆಕ್ಕು ಹಾಯ್ದರೂ ತೆಂಗಿನ ಗರಿ ಅಲುಗಿದರೂ ಕೈಯಲ್ಲಿರುವ ಫೋನಿಗೆ ಸುದ್ದಿ ಕಳುಹಿಸುತ್ತದೆ. ಸಾಮಾಯಿಕಕ್ಕೆ ಕುಳಿತ 48 ನಿಮಿಷಗಳಲ್ಲಿ ಅದು ಆರು ಬಾರಿ ಕೂಗಿದರೆ ಯಜಮಾನನು ಆರು ಬಾರಿ ಎದ್ದು ತನ್ನ ತಿಜೋರಿಯ ಬಳಿಗೆ ಹೋದಂತೆಯೇ. ಚಲನೆಯ ಸೂಚನೆಯನ್ನು ನಿಲ್ಲಿಸಿ, ಬಾಗಿಲನ್ನು ಬಲವಂತದಿಂದ ತೆರೆದಾಗ ಮಾತ್ರ ಕೂಗುವಂತೆ ಹೊಂದಿಸಬಲ್ಲ ಸಾಧನಗಳಿವೆ. ಶ್ರಾವಕನಿಗೆ ಅವು ಮೇಲು. ಅಂಗಡಿಯಲ್ಲಿ ಈ ಗುಣವನ್ನು ಯಾರೂ ಹೊಗಳಿ ಹೇಳುವುದಿಲ್ಲ, ಕೇಳಿ ತಿಳಿಯಬೇಕು.

ಉಪಯೋಗದ ಕೆಲವು ಮಾತುಗಳು. ತೆಂಗಿನಕಾಯಿ ಸುಲಿದು ಸವೆದ ಕೈಗಳ ಬೆರಳಚ್ಚನ್ನೂ ಮುಪ್ಪಿನವರ ಬೆರಳಚ್ಚನ್ನೂ ಯಂತ್ರವು ಗುರುತಿಸದೆ ಹೋಗುವುದುಂಟು. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತವರಿಗೆ ಈ ಕಷ್ಟ ಹೊಸದಲ್ಲ. ಆದ್ದರಿಂದ ಸಂಖ್ಯೆಯಿಂದಲೂ ಲೋಹದ ಬೀಗದ ಕೈಯಿಂದಲೂ ತೆರೆಯುವಂಥದನ್ನೇ ಆರಿಸಬೇಕು. ಇಂಥ ಬೀಗಗಳಲ್ಲಿ ಹೆಚ್ಚಿನವು ಸೆಲ್ಲುಗಳಿಂದ ನಡೆಯುವುದರಿಂದ ಕರೆಂಟು ಹೋದರೆ ತೊಂದರೆಯಿಲ್ಲ, ಸೆಲ್ಲು ಮುಗಿದರೆ ತೊಂದರೆ. ಒಳಗಿನಿಂದ ಮಾತ್ರ ಹಿಡಿಯನ್ನು ತಿರುಗಿಸಿದೊಡನೆ ತೆರೆಯಬೇಕು. ಬೆಂಕಿ ಬಿದ್ದ ರಾತ್ರಿ ಎಂಬತ್ತರ ಹರೆಯದ ಅಜ್ಜಿ ಸಂಖ್ಯೆ ನೆನಪಿಸಿಕೊಳ್ಳಲಾರಳು.

ಹಿಂಸೆಯ ವಿಚಾರ ಹೆಚ್ಚು ಗಂಭೀರ. ಬೇಲಿಯ ತಂತಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಹಾಯಿಸುವುದು ಕಾನೂನಿಗೆ ವಿರುದ್ಧ. ನಮ್ಮ ರಾಜ್ಯದಲ್ಲಿ ಆನೆಗಳೂ ಮನುಷ್ಯರೂ ಇಂಥ ತಂತಿಗೆ ಸಿಕ್ಕಿ ಸತ್ತಿದ್ದಾರೆ. ಗೃಹಸ್ಥನಿಗೆ ವಿರೋಧೀ ಹಿಂಸೆ ಪೂರ್ಣವಾಗಿ ತ್ಯಾಜ್ಯವಲ್ಲವೆಂಬ ಮಾತನ್ನು ಇಲ್ಲಿ ಆಧಾರವಾಗಿ ತರುವವರಿದ್ದಾರೆ. ವಿರೋಧಿ ಎದುರಿಗಿದ್ದಾಗಿನ ಮಾತು ಅದು. ಬರುವವನು ಕಳ್ಳನೋ ಕರುವೋ ಎಂದು ತಿಳಿಯದೆ, ಕೊಲ್ಲಬಲ್ಲದ್ದನ್ನು ಮುಂಚಿತವಾಗಿ ಒಡ್ಡಿ ಮಲಗುವುದು ಸಂಕಲ್ಪೀ ಹಿಂಸೆಗೆ ಬಹಳ ಸಮೀಪ. ಇನ್ನೊಂದು ಸೂಕ್ಷ್ಮವುಂಟು. ಕಳ್ಳರ ಭಯದಿಂದ ಅಂಗಳದಲ್ಲಿ ಇಡೀ ರಾತ್ರಿ ಪ್ರಖರ ದೀಪ ಉರಿಸಿದರೆ ಮುಂಜಾನೆ ಅದರ ಕೆಳಗೆ ಹುಳುಗಳ ರಾಶಿ. ರಾತ್ರಿಭೋಜನ ಬಿಟ್ಟ ಮನೆಯ ಅಂಗಳದಲ್ಲಿ ಇದು ಸಲ್ಲದು. ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನಿಂದ ಕತ್ತಲಲ್ಲೂ ನೋಡುವ ಕ್ಯಾಮರಾಕ್ಕೆ ಆ ದೀಪವೇ ಬೇಡ. ಈ ಒಂದು ವಿಷಯದಲ್ಲಿ ಹೊಸತು ಹಳೆಯದಕ್ಕಿಂತ ಅಹಿಂಸಕ.

ಆದರೆ ಕ್ಯಾಮರಾಕ್ಕೆ ಬೇರೊಂದು ದೋಷವುಂಟು. ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನ, ಸಾಕಾರಮಂತ್ರಭೇದ ಎಂಬ ಎರಡಿವೆ. ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವುದು ಮೊದಲನೆಯದು. ಇತರರ ಹಾವಭಾವದಿಂದ ಅವರ ಮನಸ್ಸನ್ನು ಊಹಿಸಿ ಬಯಲುಮಾಡುವುದು ಎರಡನೆಯದು. ನೆರೆಮನೆಯ ಅಂಗಳ ಕಾಣುವಂತೆ ತಿರುಗಿಸಿದ ಕ್ಯಾಮರಾ, ಕೆಲಸದಾಕೆ ಸೆರಗಿನಲ್ಲಿ ಏನೋ ಕಟ್ಟಿಕೊಂಡಳೆಂದು ನಾಲ್ಕು ಮಂದಿಗೆ ಕಳುಹಿಸಿದ ವಿಡಿಯೊ, ಇವುಗಳಿಗೆ ಆಚಾರ್ಯರು ಮೊದಲೇ ಹೆಸರಿಟ್ಟಿದ್ದಾರೆ. ಸ್ವಂತ ಅಥವಾ ಗೃಹಬಳಕೆಗಾಗಿ ವ್ಯಕ್ತಿಯೊಬ್ಬನು ಕೂಡಿಡುವ ಇಂಥ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅನ್ವಯಿಸುವುದಿಲ್ಲ. ವ್ರತ ಅನ್ವಯಿಸುತ್ತದೆ. ಬೀಗದಲ್ಲಿ ಯಾರು ಯಾವಾಗ ಬಂದರೆಂಬ ದಾಖಲೆ ಉಳಿಯುವುದು ಕೆಲಸದವರ ಪಾಲಿಗೆ ಒಳ್ಳೆಯದೂ ಆದೀತು. ಒಡವೆ ಕಾಣದಾದಾಗ ಮೊದಲು ಸಂಶಯಕ್ಕೊಳಗಾಗುವವಳು ಅಂದು ಬಂದೇ ಇರಲಿಲ್ಲವೆಂದು ಅದು ಸಾಕ್ಷಿ ನುಡಿಯಬಲ್ಲದು. ಅಡುಗೆಮನೆಯಲ್ಲಿ ಅವಳ ಮೇಲೆ ಕಣ್ಣಿಡುವ ಕ್ಯಾಮರಾಕ್ಕೆ ಯಾವ ಸಮರ್ಥನೆಯೂ ಇಲ್ಲ.

ತಯಾರಕರು ಇಟ್ಟ ಪಾಸ್‌ವರ್ಡನ್ನು ಬದಲಿಸದಿರುವುದೂ ಸಣ್ಣ ತಪ್ಪಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಹಾಗೆ ಬಿಟ್ಟಿದ್ದ ಅಸಂಖ್ಯ ಕ್ಯಾಮರಾಗಳನ್ನು ವಶಮಾಡಿಕೊಂಡು, ಅವುಗಳ ಮೂಲಕ ದೂರದೇಶದ ಜಾಲತಾಣಗಳ ಮೇಲೆ ದಾಳಿ ನಡೆಸಿತು. ಕ್ಯಾಮರಾದ ಒಡೆಯರು ಏನನ್ನೂ ಮಾಡಿರಲಿಲ್ಲ. ಪ್ರಮಾದವೆಂದರೆ ಇದೇ.

ಬಸದಿಗಳ ವಿಚಾರ ಮನೆಗಿಂತ ಬೇರೆ. ತನ್ನ ಒಡವೆಯನ್ನು ಕಳೆದುಕೊಂಡವನು ಕರ್ಮೋದಯವೆಂದು ಸಮಾಧಾನಪಡಬಹುದು. ಟ್ರಸ್ಟಿಗೆ ಆ ಸಮಾಧಾನದ ಅಧಿಕಾರವಿಲ್ಲ. ಅವನ ಕೈಯಲ್ಲಿರುವುದು ಸಮಾಜದ ನ್ಯಾಸ. ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ 2013ರ ಜುಲೈನಲ್ಲಿ ಅಮೂಲ್ಯ ಜಿನಬಿಂಬಗಳು ಕಳವಾದಾಗ ಸಮಾಜವೆಲ್ಲ ತಲ್ಲಣಿಸಿತು. ಅವುಗಳಲ್ಲಿ ಕೆಲವನ್ನು ಪೊಲೀಸರು ಅನಂತರ ವಶಪಡಿಸಿಕೊಂಡರು. ಇಂಥ ಸಂದರ್ಭದಲ್ಲಿ ಬಿಂಬ ಯಾವ ಬಸದಿಯದೆಂದು ಸ್ಥಾಪಿಸಲು ಅಳತೆ, ತೂಕ, ಭಾವಚಿತ್ರಗಳಿರುವ ದಾಖಲೆ ಬೇಕು. 1972ರ ಪುರಾವಸ್ತು ಕಾಯಿದೆಯಂತೆ ಪ್ರಾಚೀನ ಬಿಂಬಗಳ ನೋಂದಣಿಯೂ ಆಗಬೇಕು. ಕ್ಯಾಮರಾದ ದಾಖಲೆಪೆಟ್ಟಿಗೆಯನ್ನು ಬಸದಿಯಲ್ಲೇ ಇಟ್ಟರೆ ಕಳ್ಳನು ಅದನ್ನೂ ಹೊತ್ತೊಯ್ಯುತ್ತಾನೆ. ಪ್ರತಿ ಬೇರೆಡೆ ಇರಬೇಕು. ಅದೇ ಸಿದ್ಧಾಂತ ಬಸದಿಯ ಧವಲಾದಿ ತಾಳೆಯೋಲೆಗಳನ್ನು ಹಿಂದಿನವರು ಶತಮಾನಗಳ ಕಾಲ ಬೀಗದೊಳಗೆ ಕಾದರು. ಆ ಶ್ರುತಕ್ಕೆ ಪೂರ್ಣ ಅಭಯ ದೊರೆತದ್ದು 19ನೆಯ ಶತಮಾನದ ಕೊನೆಯಲ್ಲಿ ಪ್ರತಿಗಳಾಗತೊಡಗಿ, 1939ರಿಂದ ಮುದ್ರಣಗೊಂಡು ಹೊರಬಂದ ಮೇಲೆ.

ಮನೆಯ ಬಾಗಿಲಿನ ಬಗ್ಗೆ ಒಂದು ಮಾತು ಉಳಿದಿದೆ. ಶ್ರವಣಬೆಳಗೊಳ ಇದೇ ತಾಲ್ಲೂಕಿನಲ್ಲಿದೆ. ಅಲ್ಲಿಗೆ ವಿಹಾರ ಮಾಡುವ ಮುನಿಸಂಘಗಳು ಸುತ್ತಿನ ಊರುಗಳಲ್ಲಿ ತಂಗುವುದುಂಟು. ಅತಿಥಿಸಂವಿಭಾಗ ವ್ರತದ ಶ್ರಾವಕನು ತಾನು ಉಣ್ಣುವ ಮೊದಲು ಬಾಗಿಲಲ್ಲಿ ನಿಂತು ಪಾತ್ರರನ್ನು ಎದುರುನೋಡುತ್ತಾನೆ. ಆಹಾರಚರ್ಯೆಗೆ ಮೌನವಾಗಿ ಬರುವ ಮುನಿಗಳು ಕರೆಗಂಟೆ ಒತ್ತುವುದಿಲ್ಲ, ಕ್ಯಾಮರಾದ ಮುಂದೆ ನಿಂತು ಹೆಸರು ಹೇಳುವುದಿಲ್ಲ. ಹೊಸ ಬೀಗಗಳಲ್ಲಿ ಅನೇಕವು ಬಾಗಿಲು ಮುಚ್ಚಿದ ಕೆಲವೇ ಕ್ಷಣಗಳಲ್ಲಿ ತಾವಾಗಿಯೇ ಬೀಳುತ್ತವೆ. ಆ ವ್ಯವಸ್ಥೆಯನ್ನು ಬೆಳಗಿನ ಆಹಾರದ ಹೊತ್ತಿನಲ್ಲಿ ತಡೆಹಿಡಿಯಲು ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ಬರದಿದ್ದರೆ ಅದು ಎಷ್ಟೇ ಗಟ್ಟಿಯಿರಲಿ, ಆ ಮನೆಗೆ ಬೇಡ.