ಕಲಮಿನಲ್ಲಿ ಇಲ್ಲದ ಗಂಡಸು

ಒಂದು ಕಾಯಿದೆಯ ಮನಸ್ಸು ತಿಳಿಯಬೇಕಾದರೆ ಅದರ ಶಿಕ್ಷೆಯ ಕಲಮನ್ನು ಓದಬೇಕು. ಅದು ಯಾರನ್ನು ತಪ್ಪಿತಸ್ಥರೆಂದು ಕಾಣುತ್ತದೆ, ಯಾರತ್ತ ನೋಡುವುದೇ ಇಲ್ಲ ಎಂಬುದು ಅಲ್ಲಿ ಬಯಲಾಗುತ್ತದೆ. ಕರ್ನಾಟಕದ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ 1982ರದು, ಜಾರಿಗೆ ಬಂದದ್ದು 1984ರಲ್ಲಿ. ಮುತ್ತು ಕಟ್ಟುವ, ಅಂದರೆ ಹುಡುಗಿಯನ್ನು ದೇವಿಗೆ ಒಪ್ಪಿಸುವ ಕಾರ್ಯದಲ್ಲಿ ಪಾಲ್ಗೊಂಡವರಿಗೆ ಅದರಲ್ಲಿ ಮೂರು ವರ್ಷದವರೆಗೆ ಜೈಲು ಇತ್ತು. ಪಾಲ್ಗೊಂಡವರು ಹುಡುಗಿಯ ತಂದೆ-ತಾಯಿಯೋ ಪೋಷಕರೋ ಬಂಧುಗಳೋ ಆಗಿದ್ದರೆ ಶಿಕ್ಷೆ ಐದು ವರ್ಷದವರೆಗೂ ಏರುತ್ತಿತ್ತು, ಎರಡು ವರ್ಷಕ್ಕಿಂತ ಇಳಿಯುತ್ತಿರಲಿಲ್ಲ. ಹೆತ್ತವರೇ ಹೀಗೆ ಮಾಡಿದರೆ ತಪ್ಪು ಇನ್ನೂ ದೊಡ್ಡದಲ್ಲವೆ, ಎಂದು ಯಾರಾದರೂ ತಲೆಯಾಡಿಸಬಹುದು. ಆದರೆ ಮುತ್ತು ಕಟ್ಟಿಸಿಕೊಂಡ ಹುಡುಗಿಯನ್ನು ಮುಂದೆ ಇಟ್ಟುಕೊಂಡ ಗಂಡಸು ಆ ಕಲಮಿನಲ್ಲಿ ಎಲ್ಲಿದ್ದ? ದೇವಿಯ ಮುಂದೆ ನಡೆದ ಕಾರ್ಯಕ್ಕೆ ಅವನು ಬರಬೇಕಾಗಿರಲಿಲ್ಲ. ಹಾಗಾಗಿ ಕಲಮಿಗೂ ಅವನು ಬರಲಿಲ್ಲ.

ಚಿಮ್ಮಡ ಎಂಬ ಹಳ್ಳಿಯ ಸುತ್ತಿನ ಸೀಮೆಯನ್ನು ಬಲ್ಲ ವಕೀಲನಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಕಬ್ಬಿನ ಹೊಲಗಳು, ರಬಕವಿ-ಬನಹಟ್ಟಿಯ ಮಗ್ಗಗಳು, ಆಚೆ ಜಮಖಂಡಿ, ಮುಧೋಳ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದ ನಾಡು ಇದು. ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ದಲಿತ ಕೇರಿಗಳ ಹೆಣ್ಣುಮಕ್ಕಳು. ಅವರಲ್ಲಿ ಎಷ್ಟೋ ಮಂದಿ ಸಾಂಗ್ಲಿ, ಪುಣೆ, ಮುಂಬಯಿಯ ಓಣಿಗಳಿಗೂ ಹೋದರು. ಇಲ್ಲಿ ಫಿರ್ಯಾದಿ ಕೊಡಬೇಕಾದವಳು ಮಗಳು, ಆರೋಪಿಯಾಗಿ ನಿಲ್ಲಬೇಕಾದವಳು ಅವ್ವ. ಆ ಅವ್ವನೂ ಅನೇಕ ಸಲ ಚಿಕ್ಕಂದಿನಲ್ಲೇ ಮುತ್ತು ಕಟ್ಟಿಸಿಕೊಂಡವಳು. ಹುಡುಗಿ ಅಪ್ರಾಪ್ತಳಾಗಿದ್ದರೆ ಅವಳನ್ನು ಇಟ್ಟುಕೊಂಡ ಗಂಡಸಿನ ಮೇಲೆ ಅತ್ಯಾಚಾರದ ಕಲಮು ಬೀಳುತ್ತದೆ, 2012ರಿಂದ ಪೋಕ್ಸೊ ಕೂಡ ಇದೆ, ನಿಜ. ಆದರೆ ಅದಕ್ಕೂ ಠಾಣೆಯ ಮೆಟ್ಟಿಲು ಹತ್ತುವವರು ಬೇಕು. ಹತ್ತಿದರೆ ಮೊದಲು ಒಳಗೆ ಹೋಗುವವಳು ಅವ್ವ ಎಂದು ಗೊತ್ತಿರುವ ಮಗಳು ಏನು ಮಾಡಿಯಾಳು?

ಕಾನೂನು ಈ ನೆಲಕ್ಕೆ ತಡವಾಗಿಯೂ ಬಂತು. ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಿದ್ದು 1909ರಲ್ಲಿ. ಮುಂಬಯಿ ಪ್ರಾಂತದ ಕಾಯಿದೆ 1934ರದು. ಆದರೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿಯವರದು; ಪ್ರಾಂತದ ಕಾಯಿದೆ ಸಂಸ್ಥಾನದ ಗಡಿಯಲ್ಲಿ ನಿಂತುಬಿಡುತ್ತಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೇ ಈ ಊರುಗಳು ಒಂದೇ ಕಾನೂನಿನ ಕೆಳಗೆ ಬಂದವು.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಮುತ್ತು ಕಟ್ಟುವುದರ ಹಿಂದೆ ಬಡತನ, ಜಾತಿ, ಹರಕೆ, ದೇವಿಯ ಕರೆಯೆಂದು ನಂಬಿದ ತಲೆಯ ಜಡೆ ಎಲ್ಲವೂ ಇದ್ದವು. ಜೊತೆಗೆ ವಾರಸದಾರಿಕೆಯೂ ಇತ್ತು. ಗಂಡು ಸಂತಾನವಿಲ್ಲದ ಮನೆಯಲ್ಲಿ ಒಬ್ಬ ಮಗಳಿಗೆ ಮುತ್ತು ಕಟ್ಟಿದರೆ ಅವಳು ಪರರ ಮನೆಗೆ ಹೋಗುವುದಿಲ್ಲ, ಮಗನ ಹಾಗೆ ತವರಿನಲ್ಲೇ ಉಳಿಯುತ್ತಾಳೆ. ಮುಪ್ಪಿನವರಿಗೆ ಅನ್ನ ಹಾಕುತ್ತಾಳೆ, ತಂದೆಯ ಕ್ರಿಯೆ ಮಾಡುತ್ತಾಳೆ, ಇದ್ದ ತುಂಡು ಹೊಲ ಅವಳಿಗೂ ಅವಳ ಮಕ್ಕಳಿಗೂ ನಡೆಯುತ್ತದೆ. ಮಗಳಾಗಿ ಸಿಗದ ಹಕ್ಕು ದೇವಿಯ ಹೆಂಡತಿಯಾದರೆ ಸಿಗುತ್ತಿತ್ತು. ಆ ಹಕ್ಕಿಗೆ ಅವಳು ತೆತ್ತ ಬೆಲೆಯನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗೆ ನೋಡಿದರೆ ಈ ಪದ್ಧತಿಯ ಬೇರಿಗೆ ತಾಗಬೇಕಾದ ಕಾನೂನು ವಾರಸಾ ಕಾನೂನೇ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟ 1994ರ ಕರ್ನಾಟಕದ ತಿದ್ದುಪಡಿ, ದೇಶಕ್ಕೆಲ್ಲ ಅದನ್ನು ಹರಡಿದ 2005ರ ತಿದ್ದುಪಡಿ: ಇವುಗಳಲ್ಲಿ ದೇವದಾಸಿ ಎಂಬ ಮಾತು ಬರುವುದಿಲ್ಲ. ಆದರೂ ಮಗಳು ಮಗಳಾಗಿಯೇ ಉತಾರದಲ್ಲಿ ಹೆಸರು ಹಚ್ಚಿಸಿಕೊಳ್ಳುವ ಊರಿನಲ್ಲಿ ಹೊಲ ಉಳಿಸಲು ಯಾರಿಗೂ ಮುತ್ತು ಕಟ್ಟಬೇಕಾಗಿಲ್ಲ. ನಾವು ಎಷ್ಟು ಹಳ್ಳಿಗಳಲ್ಲಿ ಹಾಗೆ ಹಚ್ಚಿಸಿದ್ದೇವೆ? ಅಕ್ಕತಂಗಿಯರಿಂದ ಹಕ್ಕು ಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವಾಗ ಅದನ್ನು ಬರೆದುಕೊಡುವವರೂ ನಾವೇ, ವಕೀಲರೇ.

ರಾಜ್ಯದಲ್ಲಿ ಎರಡು ಸಲ ಸಮೀಕ್ಷೆ ನಡೆಯಿತು. 1993-94ರಲ್ಲಿ 22,873 ಮಹಿಳೆಯರು, 2007-08ರಲ್ಲಿ ಇನ್ನೂ 23,787, ಒಟ್ಟು 46,660. ಸರ್ಕಾರಿ ಕಾಗದದಲ್ಲಿ ಅವರು ಮಾಜಿ ದೇವದಾಸಿಯರು. ಪಟ್ಟಿಯಿಂದ ಬಿಟ್ಟುಹೋದವರು ಮರುಸಮೀಕ್ಷೆಗಾಗಿ ವರ್ಷಗಟ್ಟಲೆ ಕೂಗಿದರು. ಇಷ್ಟೆಲ್ಲ ಹೆಣ್ಣುಮಕ್ಕಳನ್ನು ಎಣಿಸಿದ ನಾವು, ಅವರ ಮಕ್ಕಳಿಗೆ ತಂದೆಯಾದ ಗಂಡಸರನ್ನು ಒಮ್ಮೆಯೂ ಎಣಿಸಲಿಲ್ಲ.

ಆ ಮಕ್ಕಳನ್ನು ಮಾತ್ರ ಶಾಲೆಯ ಮೊದಲ ದಿನದಿಂದಲೇ ಕೇಳಲಾಯಿತು: ನಿಮ್ಮ ಅಪ್ಪನ ಹೆಸರೇನು? ಕೆಲವರು ಅಜ್ಜನ ಹೆಸರು ಬರೆಸಿದರು, ಕೆಲವರು ಸೋದರಮಾವನದು. 2015ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಅವಿವಾಹಿತ ತಾಯಿಯೊಬ್ಬರ ಮೊಕದ್ದಮೆಯಲ್ಲಿ, ತಂದೆ ಯಾರೆಂದು ಹೇಳದೆಯೂ ಆಕೆ ಮಗುವಿನ ಪೋಷಕಿಯಾಗಬಹುದು ಎಂದಿತು. ಆಕೆ ಗೆಜೆಟೆಡ್ ಅಧಿಕಾರಿ. ಆಕೆಗೂ ಅಷ್ಟು ದೂರ ಹೋಗಬೇಕಾಯಿತು. ಕಬ್ಬು ಕಡಿಯುವ ತಾಯಿಗೆ ಆ ತೀರ್ಪು ಊರಿನ ಶಾಲೆಯವರೆಗೆ ಬಂದು ಮುಟ್ಟಬೇಕಿತ್ತು.

2025ರ ಆಗಸ್ಟಿನಲ್ಲಿ ವಿಧಾನಮಂಡಲ ಹೊಸ ದೇವದಾಸಿ ಮಸೂದೆಯನ್ನು ಅಂಗೀಕರಿಸಿತು. ಅದರ ಪ್ರಕಾರ ದೇವದಾಸಿಯ ಮಗುವಿಗೆ ಯಾವ ಅರ್ಜಿಯಲ್ಲೂ ತಂದೆಯ ಹೆಸರು ಕಡ್ಡಾಯವಲ್ಲ. ಬೇಕೆಂದರೆ ಮಗು ತನ್ನ ತಂದೆಯನ್ನು ಗುರುತಿಸಬಹುದು. ಅವನು ಒಪ್ಪದಿದ್ದರೆ ಡಿಎನ್‌ಎ ಪರೀಕ್ಷೆ, ಸಾಬೀತಾದರೆ ಆಸ್ತಿಯಲ್ಲಿ ಪಾಲು. 1984ರಿಂದ ಲೆಕ್ಕ ಹಿಡಿದರೂ ನಾಲ್ಕು ದಶಕ ತಾಯಿಯನ್ನೇ ಕೇಳುತ್ತ ಬಂದ ಕಾನೂನು ಈಗ ತಂದೆಯತ್ತ ತಿರುಗಿದೆ. ನನಗೆ ಇದು ಪಿಂಚಣಿಗಿಂತ, ಮನೆ-ನಿವೇಶನಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಆದರೂ ತಂದೆಯನ್ನು ಗುರುತಿಸುವ ಅರ್ಜಿಗೆ ಮೊದಲ ಸಹಿ ಹಾಕುವ ಹುಡುಗನನ್ನು ನೆನೆಯುತ್ತೇನೆ. ಅವನು ತಂದೆಯೆಂದು ತೋರಿಸಬೇಕಾದ ಮನುಷ್ಯ ಊರಿನ ಪಂಚರಲ್ಲಿ ಒಬ್ಬನಿರಬಹುದು. ಆ ಮನುಷ್ಯನ ಹೊಲದಲ್ಲೇ ಅವ್ವ ಕಬ್ಬಿಗೆ ಹೋಗುತ್ತಿರಬಹುದು, ಅವನ ಸಾಲ ಮನೆಯ ಮೇಲಿರಬಹುದು. ನೋಟಿಸು ಹೊರಟ ವಾರವೇ ಕೂಲಿ ನಿಲ್ಲುತ್ತದೆ. ಕೇರಿಯ ಹಿರಿಯರು ಬಂದು ರಾಜಿ ಮಾಡಿಕೋ ಅನ್ನುತ್ತಾರೆ. ಹಾಗಾಗಿ ಅರ್ಜಿ ಹಾಕುವ ಮೊದಲೇ ಆಗಬೇಕಾದ ಕೆಲಸಗಳಿವೆ: ಅವ್ವನಿಗೆ ಬೇರೆ ಕಡೆ ಕೂಲಿ, ಸಾಲಕ್ಕೊಂದು ದಾರಿ, ಕಾನೂನು ಸೇವಾ ಸಮಿತಿಯಿಂದ ಒಬ್ಬ ವಕೀಲ, ಬಹಿಷ್ಕಾರ ಹಾಕಿದರೆ ದೌರ್ಜನ್ಯ ತಡೆ ಕಾಯಿದೆಯಡಿ ದೂರು. ಅದಕ್ಕೂ ಮೊದಲು ಆ ಹುಡುಗನನ್ನೂ ಅವ್ವನನ್ನೂ ಕೂರಿಸಿಕೊಂಡು, ನಿಮಗೆ ಬೇಕಾದದ್ದು ಅವನ ಹೆಸರೋ, ಹೊಲವೋ, ಇಲ್ಲ ಅವನ ಗೊಡವೆಯೇ ಬೇಡವೋ ಎಂದು ಕೇಳಬೇಕು, ಅವರು ಹೇಳಿದಷ್ಟನ್ನೇ ಅರ್ಜಿಯಲ್ಲಿ ಬರೆಯಬೇಕು.