ತೊಟ್ಟಿಲ ಕೂಸು ಮತ್ತು ನಮ್ಮ ಕೆಮ್ಮು

ಚುಚ್ಚುಮದ್ದು ಎಂದೊಡನೆ ಕಣ್ಣ ಮುಂದೆ ಬರುವುದು ಹಸುಗೂಸು. ದೊಡ್ಡವರಿಗೂ ಅದಕ್ಕೂ ಸಂಬಂಧವಿಲ್ಲವೆಂಬ ಭಾವನೆ ಸಮಾಜದಲ್ಲಿ ಬೇರೂರಿದೆ. ಕನ್ನಡದಲ್ಲಿ ನಾಯಿಕೆಮ್ಮು, ಉರ್ದುವಿನಲ್ಲಿ ಕಾಲಿ ಖಾಂಸಿ ಎನ್ನಲಾಗುವ ರೋಗ ಈ ಭಾವನೆಯನ್ನು ಪ್ರಶ್ನಿಸುತ್ತದೆ.

ಸರಕಾರಿ ಕಾರ್ಯಕ್ರಮದಲ್ಲಿ ಮಗುವಿಗೆ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವೆಲೆಂಟ್ ಲಸಿಕೆ, 16ರಿಂದ 24 ತಿಂಗಳೊಳಗೆ ಹಾಗೂ 5-6ನೇ ವಯಸ್ಸಿನಲ್ಲಿ ಡಿಪಿಟಿ ಬೂಸ್ಟರ್ ಉಂಟು. ಅಲ್ಲಿಂದ ಮುಂದೆ ನಾಯಿಕೆಮ್ಮಿಗೆ ಏನೂ ಇಲ್ಲ. 10 ಮತ್ತು 16ನೇ ವಯಸ್ಸಿನವರಿಗೂ ಗರ್ಭಿಣಿಯರಿಗೂ ಕೊಡುವ ಟಿಡಿ ಚುಚ್ಚುಮದ್ದು ಧನುರ್ವಾಯು ಮತ್ತು ಗಂಟಲುಮಾರಿಯನ್ನಷ್ಟೇ ತಡೆಯುತ್ತದೆ. ಬಾಲ್ಯದ ಲಸಿಕೆಯ ಬಲವೋ ಕೆಲವು ವರ್ಷಗಳಲ್ಲಿ ಕುಂದುತ್ತದೆ.

ಆಗ ದೊಡ್ಡವರಿಗೆ ಸೋಂಕು ತಗಲಿದರೆ ಅದು ಹೆಚ್ಚಾಗಿ ವಾರಗಟ್ಟಲೆ ಬಿಡದ ಕೆಮ್ಮು, ಅಷ್ಟೆ. ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸುವಾತ ಅದನ್ನು ಹಬೆಯ ಕೆಮ್ಮೆಂದುಕೊಂಡಾನು. ಚನ್ನಪಟ್ಟಣದ ಗೊಂಬೆ ಕೆಲಸಗಾರ ಮರದ ಪುಡಿಯನ್ನು ದೂರಿಯಾನು. ಕನಕಪುರ, ಮಾಗಡಿಯ ರೈತ ಚಳಿಗಾಲದ ಇಬ್ಬನಿಯನ್ನು. ಸಂಜೆ ಮನೆಗೆ ಬಂದು ಮೊಮ್ಮಗುವನ್ನು ಎತ್ತಿ ಮುದ್ದಿಸುತ್ತಾರೆ. ಸೋಂಕು ತಗಲಿದ ಎಳೆಗೂಸು ಕೆಮ್ಮದೆಯೂ ಇರಬಹುದು. ಉಸಿರೇ ನಿಂತು ಮೈ ನೀಲಿಗಟ್ಟಬಹುದು.

ಹಾಗಾದರೆ, ತನಗೆ ಅಷ್ಟೇನೂ ಕೆಡುಕು ಮಾಡದ ರೋಗಕ್ಕೆ ಇನ್ನೊಬ್ಬರ ಸಲುವಾಗಿ ತೋಳೊಡ್ಡುವ ಹೊಣೆ ಮನುಷ್ಯನ ಮೇಲಿದೆಯೇ? ನಮ್ಮ ದೇಹ ನಮ್ಮದೇ, ನಿಜ. ಆದರೆ ನಾವು ಹೊರಬಿಟ್ಟ ಉಸಿರು ನಮ್ಮದಾಗಿ ಉಳಿಯುವುದಿಲ್ಲ. ಅದನ್ನು ಒಳಗೆಳೆದುಕೊಳ್ಳುವವರು ಬೇರೆಯವರು. ಆದ್ದರಿಂದ ಹೊಣೆ ಇದೆ ಎಂದೇ ನಾವು ಹೇಳುತ್ತೇವೆ.

ಆದರೆ ಹೊಣೆ ಹೊರಿಸುವ ಮುನ್ನ ಕೈಯಲ್ಲಿ ಕಾಸಿದೆಯೇ ಎಂದೂ ನೋಡಬೇಕು. ಬ್ರಿಟನ್ 2012ರಿಂದ ಗರ್ಭಿಣಿಯರಿಗೆ ನಾಯಿಕೆಮ್ಮಿನ ಲಸಿಕೆಯನ್ನು ಉಚಿತವಾಗಿ ನೀಡುತ್ತಿದೆ. ತಾಯಿಯ ರಕ್ಷಣೆ ಗರ್ಭದಲ್ಲೇ ಮಗುವಿಗೆ ದಾಟುತ್ತದೆ. ಅಂಥ ಟಿಡ್ಯಾಪ್ ಲಸಿಕೆ ನಮ್ಮಲ್ಲಿ ಖಾಸಗಿಯಾಗಿ ದುಡ್ಡು ತೆತ್ತವರಿಗೆ ಸಿಗುತ್ತದೆ. ದಿನಗೂಲಿಯ ಗರ್ಭಿಣಿ ಅದನ್ನು ಹಾಕಿಸಿಕೊಳ್ಳಲಿಲ್ಲವೆಂದು ದೂರುವುದು ಅನ್ಯಾಯ. ಕೊಡುವ ಹೊಣೆ ಸರಕಾರದ್ದು, ಕೇಳುವ ಹೊಣೆ ನಮ್ಮೆಲ್ಲರದು.

ದುಡ್ಡು ಬೇಡದ ಕೆಲಸಗಳೂ ಇವೆ. ಬಾಣಂತಿಯನ್ನೂ ಕೂಸನ್ನೂ 40 ದಿನ ಬೇರೆ ಕೋಣೆಯಲ್ಲಿರಿಸುವ ರೂಢಿ ಹಿರಿಯರದು. ನಮ್ಮ ಮನೆಗಳಲ್ಲಿ ಅದಕ್ಕೆ ಚಿಲ್ಲಾ ಎಂಬ ಹೆಸರು. ನಾಯಿಕೆಮ್ಮಿನ ವಿರುದ್ಧ ಮೊದಲ ಚುಚ್ಚುಮದ್ದು ಬೀಳುವುದು 42ನೇ ದಿನಕ್ಕೆ! ಕೆಮ್ಮುವವರು ಅಷ್ಟು ದಿನವಾದರೂ ಆ ಕೋಣೆಯ ಹೊಸ್ತಿಲಾಚೆಯೇ ನಿಂತು ಕೂಸನ್ನು ಹರಸಲಿ. ಅದರಿಂದ ಪ್ರೀತಿ ಕಡಿಮೆಯಾಗದು. ಶಾಲೆಗೆ ಸೇರಿದ ಮಗುವಿನ ಬೂಸ್ಟರ್ ಮರೆಯದಿರಲಿ. ಅದು ಆ ಮಗುವಿಗೆ ಮಾತ್ರವಲ್ಲ, ಹುಟ್ಟಲಿರುವ ತಮ್ಮನಿಗೂ ತಂಗಿಗೂ, ನೆರೆಮನೆಯ ತೊಟ್ಟಿಲಿಗೂ ಸಲ್ಲುವ ರಕ್ಷಣೆ.