ಶ್ರೇಷ್ಠರ ನಡೆ, ಲೋಕದ ನಡೆ

ಗೀತೆಯ ಮೂರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣ ಪರಮಾತ್ಮನು ಅರ್ಜುನನಿಗೆ ಕರ್ಮದ ಅವಶ್ಯಕತೆಯನ್ನು ಬೋಧಿಸುತ್ತ, ಹಿರಿಯರೆನಿಸಿಕೊಂಡವರ ಬೆನ್ನು ಹಿಡಿದೇ ಲೋಕವು ನಡೆಯುತ್ತದೆಂಬ ಮಾತನ್ನು ತಿಳಿಸುತ್ತಾನೆ. ಅಲ್ಲಿ ‘ಪ್ರಮಾಣ’ ಎಂಬ ಶಬ್ದವೊಂದು ಬರುತ್ತದೆ. ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಪ್ರಮಾಣಗಳನ್ನು ಬಾಲ್ಯದಿಂದ ಕೇಳಿ ಬಂದ ನಮಗೆ ಅದು ಸಾಮಾನ್ಯ ಶಬ್ದವಲ್ಲ. ದೊಡ್ಡವನು ಯಾವುದನ್ನು ನಂಬಿ ನಿಲ್ಲುತ್ತಾನೋ ಅದೇ ಉಳಿದವರಿಗೂ ಪ್ರಮಾಣವಾಗಿಬಿಡುತ್ತದೆ. ಅವನು ವೇದಿಕೆಯಲ್ಲಿ ಏನು ಹೇಳಿದನೆಂಬುದಲ್ಲ, ಕಷ್ಟ ಬಂದಾಗ ಯಾವುದಕ್ಕೆ ಕಟ್ಟುಬಿದ್ದನೆಂಬುದನ್ನು ಜನರು ನೋಡುತ್ತಾರೆ. ಮೂರು ಲೋಕಗಳಲ್ಲಿಯೂ ತನಗೆ ಪಡೆಯಬೇಕಾದುದು ಏನೂ ಇಲ್ಲದಿದ್ದರೂ ಆ ಪರಮಾತ್ಮನು ತಾನೇ ಕರ್ಮದಲ್ಲಿ ತೊಡಗಿರುವುದಾಗಿ ಮುಂದೆ ಹೇಳುವುದು ಈ ಕಾರಣಕ್ಕಾಗಿಯೇ.

ಇದಕ್ಕೆ ದೃಷ್ಟಾಂತ ಹುಡುಕಲು ಹಸ್ತಿನಾವತಿಗೆ ಹೋಗಬೇಕಾಗಿಲ್ಲ. ನಮ್ಮ ಸೋದೆಯಲ್ಲಿಯೇ ಶ್ರೀವಾದಿರಾಜ ಗುರುಸಾರ್ವಭೌಮರು ಬೃಂದಾವನಸ್ಥರಾಗಿದ್ದಾರೆ. ಉಡುಪಿಯಲ್ಲಿ ಎರಡು ತಿಂಗಳಿಗೊಮ್ಮೆ ಸರದಿಯಂತೆ ನಡೆಯುತ್ತಿದ್ದ ಪರ್ಯಾಯವನ್ನು ಎರಡು ವರ್ಷಗಳಿಗೆ ವಿಸ್ತರಿಸಿದವರು ಅವರು. ವ್ಯವಸ್ಥೆಯನ್ನು ಇತರರ ಮೇಲೆ ಹೇರಿ ತಾವು ದೂರ ನಿಲ್ಲಲಿಲ್ಲ; ತಾವೇ ಆ ಕ್ರಮದಲ್ಲಿ ಪೂಜೆಯ ಭಾರವನ್ನು ಹೊತ್ತರು. ಹದಿನಾರನೆಯ ಶತಮಾನದ ಆ ಕ್ರಮವು ಇಂದಿಗೂ ನಡೆಯುತ್ತಿದೆ. ಅವರನ್ನು ಗುರುವೆಂದು ಭಾವಿಸಿದ ಅರಸಪ್ಪನಾಯಕನ ಸೋದೆಯ ಸೀಮೆಯಲ್ಲಿ ನಮ್ಮ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಮೂರೂ ನೆಲೆಗೊಂಡವು. ಅರಸನು ಗೌರವಿಸಿದುದನ್ನು ಪ್ರಜೆಗಳು ಹಳಿಯಲು ಹೋಗುವುದುಂಟೇ?

ಇನ್ನು ಸಮೀಪದ ಕಾಲಕ್ಕೆ ಬರೋಣ. 1930ರಿಂದ ಆರಂಭವಾದ ಕಾನೂನುಭಂಗದ ದಿನಗಳಲ್ಲಿ ಸಿದ್ದಾಪುರ ಮತ್ತು ಅಂಕೋಲೆಯ ರೈತರು ಸರ್ಕಾರಕ್ಕೆ ಭೂಕಂದಾಯವನ್ನು ಕೊಡಲು ನಿರಾಕರಿಸಿದರು. ಹೊಲ, ತೋಟ, ಮನೆಯ ಪಾತ್ರೆಪಡಗ ಎಲ್ಲವೂ ಜಪ್ತಿಯಾದವು. ಅಡಿಕೆ ತೋಟವೆಂದರೆ ನಮ್ಮ ಸೀಮೆಯಲ್ಲಿ ತಲೆಮಾರುಗಳ ದುಡಿಮೆ. ಅದನ್ನು ಬಿಟ್ಟುಕೊಡುವುದು ಬಾಯಿಮಾತಲ್ಲ. ದೊಡ್ಡಮನೆಯಂತಹ ಪ್ರತಿಷ್ಠಿತ ಮನೆತನಗಳು ಚಳವಳಿಯಲ್ಲಿ ನಿಂತುದರಿಂದಲೇ ಸಣ್ಣ ಹಿಡುವಳಿಯವನಿಗೂ ಧೈರ್ಯ ಬಂದಿತು. ಜಪ್ತಿಯಾದ ಸ್ವತ್ತನ್ನು ಕೊಂಡವರ ಬಾಗಿಲಲ್ಲಿ ಹೆಂಗಸರು ಉಪವಾಸ ಕುಳಿತರು. ಮಾವಿನಗುಂಡಿಯ ಹೆಸರು ಇಂದಿಗೂ ಆ ತಾಯಂದಿರಿಂದಲೇ ನೆನಪಾಗುತ್ತದೆ. ಅವರಲ್ಲಿ ಬಹುಮಂದಿ ಯಾವ ಸಭೆಯಲ್ಲಿಯೂ ಮಾತನಾಡಿದವರಲ್ಲ.

ಆ ದೊಡ್ಡಮನೆಯಲ್ಲಿಯೇ 1926ರಲ್ಲಿ ಜನಿಸಿದವರು ರಾಮಕೃಷ್ಣ ಹೆಗಡೆಯವರು. 1983ರ ಜನವರಿಯಲ್ಲಿ ಅವರು ರಾಜ್ಯದ ಮುಖ್ಯಮಂತ್ರಿಗಳಾದರು. 1984ರ ಕೊನೆಯಲ್ಲಿ ನಡೆದ ಲೋಕಸಭೆಯ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ ದೊರೆತದ್ದು 4 ಮಾತ್ರ. ವಿಧಾನಸಭೆಗೆ ಸಂಬಂಧವಿಲ್ಲದ ಸೋಲು ಅದು. ಕಾನೂನಿನ ಬಲವಂತವೇನೂ ಇರಲಿಲ್ಲ. ಆದರೂ ಜನಾದೇಶವನ್ನು ಮತ್ತೆ ಪಡೆಯಬೇಕೆಂದು ರಾಜೀನಾಮೆ ಕೊಟ್ಟು, 1985ರ ಮಾರ್ಚಿಯಲ್ಲಿ ಚುನಾವಣೆ ಎದುರಿಸಿ, 139 ಸ್ಥಾನಗಳೊಂದಿಗೆ ಮರಳಿದರು. ‘ನೈತಿಕ ಹೊಣೆ’ ಎಂಬ ಮಾತು ಆ ದಿನಗಳಲ್ಲಿ ಅಡಿಕೆ ಸುಲಿಯುವ ಅಂಗಳದಲ್ಲಿಯೂ ಕೇಳಿಬರುತ್ತಿತ್ತೆಂದು ನಮ್ಮ ತಂದೆಯವರು ಹೇಳುತ್ತಾರೆ.

ಆದರೆ ಕಥೆಯು ಅಲ್ಲಿಗೇ ಮುಗಿಯಲಿಲ್ಲ. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಉಚ್ಚ ನ್ಯಾಯಾಲಯವು ಸರ್ಕಾರವನ್ನು ಆಕ್ಷೇಪಿಸಿದಾಗ ಅವರು ರಾಜೀನಾಮೆ ಕೊಟ್ಟು, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ ಪದವಿಯನ್ನೇ ತ್ಯಜಿಸಿದರು. ಒಬ್ಬರೇ ವ್ಯಕ್ತಿಯಿಂದ ಜನರು ಎರಡು ಪಾಠ ಕಲಿತರೆಂದು ನನಗೆ ತೋರುತ್ತದೆ: ಪದವಿಗಿಂತ ಮಾನ ದೊಡ್ಡದೆಂಬುದು ಒಂದು, ರಾಜೀನಾಮೆಯನ್ನು ಕೊಟ್ಟು ತಿರುಗಿ ಪಡೆಯಲೂಬಹುದೆಂಬುದು ಇನ್ನೊಂದು. ಬಳಿಕ ಬಂದವರಿಗೆ ಎರಡನೆಯದೇ ಸುಲಭವಾಗಿ ಒಲಿಯಿತು. ಗುಣವನ್ನು ಅನುಸರಿಸಲು ಬೆವರು ಬೇಕು. ದೋಷಕ್ಕೆ ನೆರಳು ಸಾಕು.

ದೋಷವೆಲ್ಲ ನಾಯಕರದೇ ಎಂದು ಹೇಳಿ ನಾವು ಕೈತೊಳೆದುಕೊಳ್ಳುವಂತೆಯೂ ಇಲ್ಲ. 2019ರ ಜುಲೈಯಲ್ಲಿ ರಾಜ್ಯದ 17 ಶಾಸಕರು ಅನರ್ಹರಾದರು. ನಮ್ಮ ಯಲ್ಲಾಪುರದ ಪ್ರತಿನಿಧಿಯೂ ಅವರಲ್ಲೊಬ್ಬರು. ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದು, ಮರಳಿ ಸ್ಪರ್ಧಿಸಲು ಅವಕಾಶವನ್ನಿತ್ತಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಮತದಾರರು ಅವರನ್ನೇ ಗೆಲ್ಲಿಸಿದರು. ಪಕ್ಷದ ಮಾತು ಈ ಪತ್ರಿಕೆಗೆ ಸಲ್ಲದು. ನಾನು ಕೇಳುವುದು ಇಷ್ಟೇ. ಅರಸರ ಕಾಲದಲ್ಲಿ ಶ್ರೇಷ್ಠನು ಹುಟ್ಟಿನಿಂದ ಬರುತ್ತಿದ್ದನು. ಇಂದು ಅವನನ್ನು ಆರಿಸುವವರು ನಾವೇ. ಹಾಗಿರುವಾಗ ಯಾರು ಯಾರಿಗೆ ಪ್ರಮಾಣ?

ಇಷ್ಟು ಬರೆದ ಮೇಲೆ ನನ್ನ ವಿಷಯವನ್ನು ಮುಚ್ಚಿಟ್ಟರೆ ತಪ್ಪಾಗುವುದು. ಎರಡು ವರ್ಷಗಳ ಹಿಂದೆ ಒಂದು ಏಕಾದಶಿಯಂದು ಯಲ್ಲಾಪುರದಲ್ಲಿ ಪ್ರವಚನ ಮುಗಿಸಿ ಶಿರಸಿಗೆ ಬಸ್ಸಿನಲ್ಲಿ ಬಂದಿಳಿದೆ. ಪ್ರವಚನದ ವಿಷಯ ಏಕಾದಶಿಯ ಮಹಿಮೆಯೇ. ತಲೆನೋವು ವಿಪರೀತವಾಗಿತ್ತು. ಹೋಟೆಲೊಂದಕ್ಕೆ ಹೊಕ್ಕು ಒಂದು ಲೋಟ ಚಹಾ ಕುಡಿದೆ. ಹಣೆಯಲ್ಲಿ ಅಕ್ಷತೆಯಿಲ್ಲದ ಅಂಗಾರ, ಕೈಯಲ್ಲಿ ಚಹಾ. ನನ್ನ ಬಳಿ ಸಂಧ್ಯಾವಂದನೆ ಕಲಿಯುತ್ತಿದ್ದ ಹುಡುಗನೊಬ್ಬನು ರಸ್ತೆಯ ಆಚೆಯಿಂದ ಅದನ್ನು ನೋಡಿದ್ದನು.

ಹದಿನೈದು ದಿನಗಳ ಬಳಿಕ ಅವನ ತಾಯಿ ಮನೆಗೆ ಬಂದರು. ಹುಡುಗನು ಏಕಾದಶಿಯಂದು ತಿಂಡಿಗೆ ಹಟ ಹಿಡಿದು, ಆಚಾರ್ಯರೇ ಹೋಟೆಲಿನಲ್ಲಿ ಕುಡಿಯುತ್ತಾರೆಂದು ವಾದಿಸಿದನಂತೆ. ಆಕೆ ನನ್ನನ್ನು ಆಕ್ಷೇಪಿಸಲಿಲ್ಲ. ನಿಜವೇ ಎಂದು ಕೇಳಿದರು, ಅಷ್ಟೇ. ರೋಗಿಗೆ ವ್ರತದಲ್ಲಿ ವಿನಾಯಿತಿಯುಂಟೆಂಬ ಮಾತು ಮೊದಲು ನನ್ನ ನಾಲಿಗೆಯ ತುದಿಗೆ ಬಂದಿತು. ಪಾಠಶಾಲೆಯಲ್ಲಿ ಕಲಿತದ್ದು ಇಂತಹ ಸಮಯಕ್ಕೆ ಬೇಗನೆ ನೆನಪಾಗುತ್ತದೆ! ಆದರೆ ನಾನು ರೋಗಿಯಾಗಿರಲಿಲ್ಲ, ದಣಿದಿದ್ದೆ. ನಿಜವೆಂದೆ, ತಪ್ಪು ಮಾಡಿದೆನೆಂದು ಹುಡುಗನ ಎದುರಿನಲ್ಲಿಯೇ ಹೇಳಿದೆ.

ಅವನು ಕೆಲಹೊತ್ತು ಸುಮ್ಮನಿದ್ದು, “ಹಾಗಾದರೆ ಮುಂದಿನ ಏಕಾದಶಿಗೆ ನಿಮ್ಮ ಮನೆಗೇ ಬರುತ್ತೇನೆ” ಎಂದನು. ಬಂದನು. ಬೆಳಗಿನಿಂದ ರಾತ್ರಿಯವರೆಗೆ ನಮ್ಮ ಜಗಲಿಯಲ್ಲಿಯೇ ಕುಳಿತಿದ್ದು, ದ್ವಾದಶಿಯ ಪಾರಣೆಯನ್ನು ನನ್ನ ಪಂಕ್ತಿಯಲ್ಲಿಯೇ ಮುಗಿಸಿಕೊಂಡು ಹೋದನು.

ಶ್ರೀಕೃಷ್ಣಾರ್ಪಣಮಸ್ತು